ಅರ್ಧ ಬಂಗುಡೆಯ ಗುಂಡು

ನನ್ನ ಸೋದರಮಾವ ಈವರೆಗೆ ಒಂದೇ ಒಂದು ವಸ್ತುವನ್ನು ಹಾಳಾಯಿತೆಂದು ಬಿಸಾಡಿದ್ದಾರೆ. ಅದೂ ಪಕ್ಕದ ಮನೆಯವರದು! ಸಂಜೆ ಮನಸ್ಸು ತಡೆಯದೆ ಹೋಗಿ ಅದನ್ನೂ ಹೆಕ್ಕಿಕೊಂಡು ಬಂದರಂತೆ. ಇದನ್ನು ಹೇಳಿದವಳು ನನ್ನ ಅಮ್ಮ. ತಂಗಿಯಾಗಿ ಹುಟ್ಟಿದ ತಪ್ಪಿಗೆ ಆ ಮನುಷ್ಯನನ್ನು ಜೀವಮಾನವಿಡೀ ಸಹಿಸಿಕೊಂಡವಳು.

ಮಾವ ಕಾಪುವಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವರು. ಸತ್ತ ಇಂಜಿನ್ನುಗಳಿಗೆ ಜೀವ ಕೊಟ್ಟೂ ಕೊಟ್ಟೂ, ಲೋಕದಲ್ಲಿ ಯಾವುದೂ ಪೂರ್ತಿ ಸಾಯುವುದಿಲ್ಲ ಎಂದು ನಂಬಿಬಿಟ್ಟಿದ್ದಾರೆ. ಐದು ರೂಪಾಯಿಯ ಪೆನ್ನಿಗೆ ಶಾಯಿ ತುಂಬಿಸುತ್ತಾರೆ. ಖಾಲಿಯಾದ ಮೇಲೆ ಎಲ್ಲರೂ ಎಸೆಯುವ ಲೈಟರಿಗೆ ಗ್ಯಾಸ್ ತುಂಬಿಸುತ್ತಾರೆ. ಒಮ್ಮೆ ಹಾಗೆ ತುಂಬಿಸಲು ಹೋಗಿ ಹುಬ್ಬು ಸುಟ್ಟುಕೊಂಡರು. ಅಮ್ಮ ಬೈದರೆ, "ಹುಬ್ಬು ಪುನಃ ಬರ್ತದೆ. ಲೈಟರ್ ಬರ್ತದಾ?" ಎಂದು ಅವಳನ್ನೇ ಕೇಳಿದರು.

ಇಂಥವರ ತಂಗಿಯ ಮಗಳಾದ ನಾನು ಆರಿಸಿಕೊಂಡ ಆಟವಾದರೂ ಯಾವುದು? ರೈಫಲ್ ಶೂಟಿಂಗ್! ಕಾಲೇಜಿನ ಶಿಬಿರವೊಂದರಲ್ಲಿ ಐದಕ್ಕೆ ಐದೂ ಗುಂಡು ನಡುವಿಗೇ ಬಿದ್ದವು. ಅಲ್ಲಿಂದ ಹುಚ್ಚು ಹಿಡಿಯಿತು. ನಮ್ಮದು ಪರ್ಕಳದ ಬಾಡಿಗೆ ಮನೆ. ಅಮ್ಮ ಹೊಲಿಗೆ ಮಾಡಿ ಉಳಿಸಿದ ದುಡ್ಡನ್ನು ಮಾವನ ಕೈಗೆ ಕೊಡುವುದು, ಮಾವ ಅದನ್ನು ಮಣಿಪಾಲದಾಚೆಯ ರೈಫಲ್ ಕ್ಲಬ್ಬಿಗೆ ಕಟ್ಟುವುದು, ಪ್ರತಿ ಭಾನುವಾರ ನನ್ನನ್ನು ಸ್ಕೂಟರಿನಲ್ಲಿ ಅಲ್ಲಿಗೆ ಮುಟ್ಟಿಸುವುದು. ಹೀಗೆ ವ್ಯವಸ್ಥೆ ಆಯಿತು.

ಮೊದಲ ಭಾನುವಾರವೇ ಮಾವ ನನ್ನ ಹಿಂದೆ ನಿಂತು ಗುಂಡಿನ ಬೆಲೆ ಕಟ್ಟಿದರು. "ಒಂದು ಗುಂಡಿಗೆ ಅರ್ಧ ಬಂಗುಡೆ!" ಅವರಿಗೆ ರೂಪಾಯಿಗಿಂತ ಮೀನಿನ ಲೆಕ್ಕ ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ನಾನು ರೈಫಲಿನ ಕುದುರೆ ಒತ್ತಿದಾಗಲೆಲ್ಲ ಹಿಂದಿನಿಂದ ಸಣ್ಣ ದನಿ. "ಹೋಯ್ತು, ಬಾಲದ ಕಡೆಯದ್ದು." ಇನ್ನೊಂದು ಒತ್ತಿದರೆ, "ತಲೆಯೂ ಹೋಯ್ತು." ಇದರ ನಡುವೆ ಉಸಿರು ಹಿಡಿದು ಗುರಿಯಿಡಬೇಕು! ಮಳೆಗಾಲದಲ್ಲಿ ಬೋಟುಗಳು ದಡ ಸೇರಿ ಮೀನಿಗೆ ಬೆಂಕಿಯ ಬೆಲೆ ಬಂದಾಗ ಮಾತ್ರ ಮಾವ ಬಹಳ ಉದಾರಿ. "ಈಗ ಹೊಡಿ ಮಾರಾಯ್ತಿ, ಎಷ್ಟು ಬೇಕಾದರೂ ಹೊಡಿ. ಗುಂಡು ಈಗ ಕಾಲು ಬಂಗುಡೆಗೆ ಇಳಿದಿದೆ!"

ನಗಬೇಡಿ, ವಿಷಯ ಗಂಭೀರವೇ ಇತ್ತು. ರಾಜ್ಯ ಮಟ್ಟದ ಆಯ್ಕೆಗೆ ಹೋಗಬೇಕಾದರೆ ಅಭ್ಯಾಸ ಎರಡರಷ್ಟಾಗಬೇಕು ಎಂದು ಕೋಚ್ ಹೇಳಿದ್ದರು. ಎರಡರಷ್ಟು ಅಭ್ಯಾಸವೆಂದರೆ ಎರಡರಷ್ಟು ಗುಂಡು. ಅಮ್ಮನ ಹೊಲಿಗೆ ಯಂತ್ರ ಅಷ್ಟು ವೇಗವಾಗಿ ಓಡುವಂಥದ್ದಲ್ಲ.

ಆಗಲೇ ಮಾವನ ಮೊಬೈಲಿಗೆ ಆ ವಿಡಿಯೊ ಬಂದದ್ದು. ಯಾವುದೋ ದೇಶದ ಗಡ್ಡದ ಅಜ್ಜನೊಬ್ಬ ಗುಂಡು ಹಾರಿ ಖಾಲಿಯಾದ ತೋಟೆಗಳನ್ನು ಎತ್ತಿಟ್ಟು, ಮನೆಯಲ್ಲೇ ಮತ್ತೆ ಸಿಡಿಮದ್ದು ತುಂಬಿಸುತ್ತಾನೆ. ಅಂಗಡಿಯದ್ದಕ್ಕಿಂತ ಅರ್ಧ ಖರ್ಚು! ಮಾವನಿಗೆ ದೇವರೇ ಪ್ರತ್ಯಕ್ಷನಾದ ಹಾಗಾಯಿತು. "ನೋಡು, ನೋಡು! ತೋಟೆ ಹಾಗೇ ಉಂಟು. ಒಳಗಿನದ್ದು ಮಾತ್ರ ಖಾಲಿ. ಅದನ್ನು ಬಿಸಾಡುವುದು ಯಾವ ಬುದ್ಧಿ?"

ಅಂದಿನಿಂದ ಕ್ಲಬ್ಬಿನ ನೆಲದಲ್ಲಿ ಮಾವನದೇ ರಾಜ್ಯ. ನನ್ನದು, ಊರವರದು, ಯಾರದೇ ಇರಲಿ, ಖಾಲಿ ತೋಟೆ ಬಿದ್ದರೆ ಸಾಕು, ಹೆಕ್ಕಿದರು. ನಮ್ಮ ಅಡುಗೆಮನೆಯ ಹುಣಸೆಹುಳಿ ಹಾಕಿ ತಿಕ್ಕಿ ಹೊಳೆಯಿಸಿ, ಕ್ಲಬ್ಬಿನ ಕಪಾಟಿನಲ್ಲೇ ಡಬ್ಬಿ ಡಬ್ಬಿ ತುಂಬಿಸಿಟ್ಟರು. "ಮೀನು ಸಾರಿಗೆ ಹುಳಿ ಎಲ್ಲಿ?" ಎಂದು ಅಮ್ಮ ಇಲ್ಲಿ ಬೊಬ್ಬೆ ಹಾಕುತ್ತಿದ್ದಳು.

ಇನ್ನು ಮದ್ದು ತುಂಬಿಸುವ ಯಂತ್ರ, ತಕ್ಕಡಿ, ಅಚ್ಚುಗಳ ಪಟ್ಟಿ. ಅದು ಮದುವೆಯ ಸಾಮಾನಿನ ಪಟ್ಟಿಗಿಂತ ಉದ್ದವಿತ್ತು. ಅಮ್ಮ ಕೇಳಿದಳು. "ಅಣ್ಣ, ಸಾಮಾನಿಗೇ ಇಷ್ಟಾದರೆ ಉಳಿತಾಯ ಯಾವಾಗ?"

ಮಾವ ಕ್ಯಾಲೆಂಡರಿನ ಹಿಂದೆ ಒಂದು ಗಂಟೆ ಲೆಕ್ಕ ಹಾಕಿದರು. "ಇವಳಿಗೆ ಎಪ್ಪತ್ತೆರಡು ಆಗುವಾಗ ಲಾಭ ಶುರು."

ಆದರೆ ಮನೆಯಲ್ಲಿ ಮದ್ದು ಮುಟ್ಟಬೇಕಾದರೆ ಸರಕಾರದ ಪರವಾನಗಿ ಬೇಕಲ್ಲ? ಮಾವ ಕಾನೂನಿಗೆ ಹೆದರುವ ಪ್ರಾಣಿ. ನಾಲ್ಕು ಪುಟದ ಅರ್ಜಿ ಬರೆದು, ಭಾನುವಾರ ನನ್ನ ಜೊತೆ ಕೋಚಿನ ಸಹಿಗೆ ಕ್ಲಬ್ಬಿಗೆ ಹೊರಟರು. ಕೋಚ್ ಎಂದರೆ ಸೇನೆಯಿಂದ ನಿವೃತ್ತರಾದ ಕಾರ್ಕಳ ಕಡೆಯವರು. ಕುಕ್ಕುಂದೂರಿನಲ್ಲಿ ಮನೆ. ಅರ್ಜಿಯನ್ನು ಕೊನೆಯವರೆಗೆ ಓದಿದರು, ಕನ್ನಡಕ ತೆಗೆದರು.

"ಎಂತ ಮಾರಾಯ್ರೇ ಇದು? ದೊಡ್ಡ ರೈಫಲಿನ ತೋಟೆಯಾದರೆ ಪುನಃ ತುಂಬಿಸ್ತಾರೆ. ಇದು ಸಣ್ಣದು, ಪಾಯಿಂಟ್ ಟೂ ಟೂ. ಇದರ ಕಿಡಿ ಹೊತ್ತಿಸುವ ಮದ್ದು ಇರುವುದು ತೋಟೆಯ ಅಂಚಿನ ಒಳಗೆ. ಒಮ್ಮೆ ಪೆಟ್ಟು ಬಿದ್ದು ಅಂಚು ಚಪ್ಪಟೆಯಾದರೆ ಮುಗೀತು. ಇದನ್ನು ಯಾರೂ ತುಂಬಿಸುವುದಿಲ್ಲ."

"ಯಾರೂ?"

"ಯಾರೂ."

ಮಾವ ಕಪಾಟಿನ ಕಡೆ ನೋಡಿದರು. ಹದಿನಾಲ್ಕು ಡಬ್ಬಿ! "ಒಂದು ವರ್ಷದಿಂದ ಹೆಕ್ಕುತ್ತಿದ್ದೇನಲ್ಲ, ಆಗಲೇ ಹೇಳಬಾರದಿತ್ತಾ?"

"ನಿಮಗೆ ಶುಚಿಯ ಮರುಳು ಅಂತ ತಿಳಿದೆ. ಕ್ಲಬ್ಬಿನ ನೆಲ ಇಷ್ಟು ಸ್ವಚ್ಛ ಯಾವತ್ತೂ ಇರಲಿಲ್ಲ. ನಾನ್ಯಾಕೆ ಬಾಯಿ ಬಿಡಲಿ?"

ನನಗೆ ನಗು ತಡೆಯಲಾಗಲಿಲ್ಲ. ಆದರೆ ಪರ್ಕಳ ಮುಟ್ಟುವವರೆಗೆ ಮಾವ ರಸ್ತೆಯ ಒಂದು ಗುಂಡಿಗೂ ಬೈಯಲಿಲ್ಲ. ಆಗ ನನ್ನ ನಗು ನಿಂತಿತು. ಅಂದು ಸಂಜೆಯೇ ಅಮ್ಮನಿಗೆ ಹೇಳಿಬಿಟ್ಟೆ. ಸಾಕು, ಎರಡರಷ್ಟು ಗುಂಡಿನ ಖರ್ಚು ನಮ್ಮಿಂದಾಗದು, ಈ ತಿಂಗಳಿಗೇ ಶೂಟಿಂಗ್ ಬಿಟ್ಟುಬಿಡುತ್ತೇನೆ.

ಮುಂದಿನ ಭಾನುವಾರ ಬಸ್ಸಿನಲ್ಲಿ ಒಬ್ಬಳೇ ಹೋಗಿ ಕೋಚಿಗೂ ಅದನ್ನೇ ಹೇಳಿದೆ. ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಆಮೇಲೆ, "ನಿನ್ನ ಮಾವ ಹೇಳಬೇಡಿ ಅಂತ ಭಾಷೆ ತೆಗೆದುಕೊಂಡಿದ್ದಾರೆ. ಆದರೂ ಹೇಳ್ತೇನೆ. ಗುಂಡಿನ ಪೂರ್ತಿ ಬೆಲೆ ಅವರು ಹೇಳಿದ್ದರ ಎರಡರಷ್ಟು. ನಿನ್ನ ಅಮ್ಮ ಕೊಡುವುದು ಅರ್ಧ. ಉಳಿದ ಅರ್ಧ ಮೊದಲ ತಿಂಗಳಿನಿಂದ ಅವರೇ ಹಾಕಿ ಕಟ್ಟುತ್ತಿದ್ದಾರೆ. ಇನ್ನೂ ಹೆಚ್ಚು ಹಾಕಲಿಕ್ಕೆ ಅವರಿಂದ ಆಗುವುದಿಲ್ಲ. ಅದಕ್ಕೇ ಆ ತುಂಬಿಸುವ ಹುಚ್ಚು" ಎಂದರು.

ಅಲ್ಲಿಂದ ನೇರ ಕಾಪುವಿಗೆ ಹೋದೆ. ದಾರಿಯುದ್ದಕ್ಕೂ ಅತ್ತೆ. ಬಸ್ಸಿನವರು ನೋಡಿದರೆ ನೋಡಲಿ! ಈ ಮನುಷ್ಯನನ್ನು ಜುಗ್ಗ ಎಂದು ಎಷ್ಟು ಜನರ ಮುಂದೆ ನಗೆಯಾಡಿದ್ದೆ ನಾನು? ಶೆಡ್ಡಿನಲ್ಲಿ ಮಾವ ಇಂಜಿನ್ನಿನ ಮೇಲೆ ಬಗ್ಗಿದ್ದರು. ಎದುರಿಗೆ ನಿಂತು ಜಗಳಕ್ಕೇ ಹೊರಟೆ. "ಯಾಕೆ ಸುಳ್ಳು ಹೇಳಿದಿರಿ ಮಾವ? ನಿಜವಾದ ಬೆಲೆ ಯಾಕೆ ಹೇಳಲಿಲ್ಲ?"

ಅವರು ತಲೆಯೆತ್ತಲಿಲ್ಲ. "ಹೇಳಿದ್ದರೆ ಒಂದೊಂದು ಗುಂಡಿಗೂ ನಿನ್ನ ಕೈ ನಡುಗುತ್ತಿತ್ತು ಮಾರಾಯ್ತಿ. ನಡುಗುವ ಕೈಯಲ್ಲಿ ಗುರಿ ನಿಲ್ಲುವುದುಂಟಾ? ನೀನು ಬಿಡಬೇಡ. ದಾರಿ ಎಂತಾದರೂ ಒಂದು ಮಾಡುವ."

ಅಷ್ಟು ಹೇಳಿ ಸ್ಪ್ಯಾನರನ್ನು ಬೋಲ್ಟಿಗೆ ಕೂರಿಸಲು ಹೋದರು. ಎರಡು ಸಲ ಜಾರಿತು.