ಹೆಡ್ ಮಾಸ್ತರರ ಮೊಲದ ಪಥ್ಯ

ಯಾರಾದರೂ ನನಗೊಂದು ಕೆಲಸ ಒಪ್ಪಿಸಿದರೆ ಸಾಕು, ಅದನ್ನು ಕೆಡಿಸಲು ನಮ್ಮ ಓಣಿಗೆ ಓಣಿಯೇ ಟೊಂಕ ಕಟ್ಟಿ ನಿಲ್ಲುತ್ತದೆ. ಅದೂ ನನ್ನ ಮೇಲಿನ ಪ್ರೀತಿಯಿಂದ. ಆಗಿನ್ನೂ ಬ್ರಿಟಿಷರ ಕಾಲ. ನಾನು ಮಾಸ್ತರಿಕೆಗೆಂದು ಹುಬ್ಬಳ್ಳಿಗೆ ಬಂದು ವರ್ಷವೂ ಆಗಿರಲಿಲ್ಲ. ನೌಕರಿ ಕಾಯಂ ಆಗಬೇಕಾದರೆ ಹೆಡ್ ಮಾಸ್ತರರ ಸಹಿ ಬೇಕು. ಆ ಹೆಡ್ ಮಾಸ್ತರರು ಆಷಾಢದಲ್ಲಿ ಎರಡು ತಿಂಗಳ ಮಟ್ಟಿಗೆ ಪುಣೆಗೆ ಹೊರಟವರು ತಮ್ಮ ಮಗಳ ಬಿಳಿ ಮೊಲವನ್ನು ಗೂಡಿನ ಸಮೇತ ತಂದು ನನ್ನ ಪಡಸಾಲೆಯಲ್ಲಿ ಇಟ್ಟರು.

"ದನದ ಡಾಕ್ಟರು ಪಥ್ಯಾ ಹೇಳ್ಯಾರ. ಹಸಿ ಕರಕಿ ಹುಲ್ಲು, ಮೂಲಂಗಿ ತಪ್ಪಲಾ, ನೀರು. ಬ್ಯಾರೆ ಏನೂ ಹಾಕಬ್ಯಾಡ್ರಿ. ಈಗ ನಾಕು ಸೇರು ಐತಿ, ಇನ್ನ ಮೈ ಬಂದ್ರ ಕಾಲು ಎತ್ತಾಕ ಬರಂಗಿಲ್ಲ ಅದಕ್ಕ. ನಾ ಬಂದಮ್ಯಾಲ ಮೊದಲ ಮೊಲಾ ತೂಗಸ್ತೇನಿ. ನಿಮ್ಮ ಕಾಗದಾ ಆಮ್ಯಾಲ ನೋಡ್ತೇನಿ" ಅಂದರು.

೧. ಬೋರ್ಡು

ಮೂರನೆಯ ದಿನವೇ ಸಿಕ್ಕಿಬಿದ್ದವರು ನಮ್ಮ ಮನೆಮಾಲಕರ ತಾಯಿ. ಓಣಿಗೆಲ್ಲ ಅವರು ಅಮ್ಮಾರು. ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮೊಲಕ್ಕೆ ತುಪ್ಪ ಸವರಿದ ರೊಟ್ಟಿ ತಿನ್ನಿಸುತ್ತಿದ್ದರು.

"ಅಮ್ಮಾರ, ಡಾಕ್ಟರು ಬರೇ ಹುಲ್ಲು ಹಾಕ್ರಿ ಅಂದಾರ್ರಿ."

"ಆ ಡಾಕ್ಟರ ತನ್ನ ಮನ್ಯಾಗ ಹುಲ್ಲು ತಿಂತಾನೇನಪಾ?"

ಇವರ ಜೊತೆ ವಾದ ಮಾಡಿ ಗೆದ್ದವರಿಲ್ಲ. 'ಈ ಮೊಲಕ್ಕೆ ಯಾರೂ ಏನೂ ತಿನ್ನಿಸಬಾರದು' ಎಂದು ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕಿ ಸಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಬಾಗಿಲಲ್ಲಿ ಒಂದು ಬುಟ್ಟಿ ಜೋಳ. ಪ್ರಾಣಿಗೂ ತುತ್ತು ಹಾಕಲಾರದಷ್ಟು ಬಡತನ ಮಾಸ್ತರರ ಮನೆಗೆ ಬಂದಿದೆಯೆಂದು ಓಣಿಯವರು ಕೂಡಿಸಿ ಇಟ್ಟು ಹೋಗಿದ್ದರು.

೨. ಚಾವಿ

ತಗಡಿನ ಕೆಲಸದ ಚಾಚಾನನ್ನು ಕರೆಸಿ ಗೂಡಿಗೆ ಕೀಲಿ ಹಾಕಿಸಿದೆ. ಎರಡೇ ದಿನ ನೆಮ್ಮದಿ. ಮೂರನೆಯ ದಿನ ಎದುರುಮನೆಯ ಅರಳೆ ವ್ಯಾಪಾರದ ಸಾಹುಕಾರರು ಕೀಲಿ ತೆಗೆದು, ಮೊಲವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಶೇಂಗಾ ಉಂಡಿ ತಿನ್ನಿಸುತ್ತಿದ್ದರು. ಚಾವಿ ಎಲ್ಲಿಂದ ಬಂತೆಂದು ಕೇಳಿದರೆ "ಚಾಚಾ ಕೊಟ್ಟಾನ್ರಿ" ಅಂದರು. ನೆಟ್ಟಗೆ ಚಾಚಾನ ಅಂಗಡಿಗೆ ಹೋದೆ.

"ಒಂದ ಚಾವಿ ಇದ್ದು ಅದೂ ಕಳದ್ರ ಆ ಬಡಪ್ರಾಣಿ ಗತಿ ಏನ್ರಿ ಮಾಸ್ತರ? ಅದಕ್ಕ ನಾಕು ಮಾಡೇನಿ. ನಿಮಗೊಂದು, ಅಮ್ಮಾರಿಗೊಂದು, ಸಾಹುಕಾರ್ರಿಗೊಂದು."

"ನಾಕನೇದು ಯಾರ ಕಡೆ ಐತಿ?"

ಚಾಚಾ ನಾಚಿಕೊಂಡು ಕಿಸೆ ಮುಟ್ಟಿ ನೋಡಿಕೊಂಡ. "ನಮ್ಮ ಮನ್ಯಾಗಿಂದೂ ಒಂದು ತುತ್ತು ಹೋಗಬೇಕಲ್ರಿ."

೩. ಶ್ರಾವಣ ಸೋಮವಾರ

ಈ ಓಣಿ ಬೋರ್ಡಿಗೆ ಬಗ್ಗುವುದಿಲ್ಲ, ಕೀಲಿಗೂ ಬಗ್ಗುವುದಿಲ್ಲ. ಒಂದಕ್ಕೆ ಮಾತ್ರ ಬಗ್ಗುತ್ತದೆ. ಬಂದವರು "ಇವತ್ತ ನಂದು ಉಪವಾಸ ಐತ್ರಿ" ಅಂದರೆ ಎಂಥ ಗಟ್ಟಿ ಗೃಹಿಣಿಯೂ ಬಡಿಸುವ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಶ್ರಾವಣ ಹತ್ತಿರ ಬಂದಿತ್ತು. ಧೈರ್ಯ ಮಾಡಿ ಹೇಳಿಯೇಬಿಟ್ಟೆ:

"ಅಮ್ಮಾರ, ಮೊಲಾ ಶ್ರಾವಣ ತಿಂಗಳಪೂರ್ತಿ ಉಪವಾಸ ಹಿಡಿತೈತ್ರಿ."

ಅಮ್ಮಾರು ಗೂಡಿನ ಮುಂದೆ ಕೈ ಮುಗಿದರು. ಸುದ್ದಿ ಮಧ್ಯಾಹ್ನದೊಳಗೆ ಓಣಿ ತುಂಬಿತು. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮೊದಲ ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಗೂಡಿನ ಮುಂದೆ ಸಾಲಾಗಿ ತಾಟು: ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಕೆನೆಹಾಲು, ಬೆಲ್ಲ, ಖಜೂರ.

"ಅಮ್ಮಾರ, ಉಪವಾಸ ಅಂತ ಹೇಳಿದ್ದೆನಲ್ರಿ?"

"ಅದಕ್ಕ ಉಪವಾಸದಾಗ ನಡಿಯೂ ಫರಾಳಾ ತಂದೇವಿ. ಒಂದ ಚೂರರ ರೊಟ್ಟಿ ಐತೇನು ನೋಡಪಾ."

ಇರಲಿಲ್ಲ. ಆ ತಿಂಗಳಿಡೀ ಒಂದು ಚೂರು ರೊಟ್ಟಿಯೂ ಒಳಗೆ ಹೋಗಲಿಲ್ಲ. ನಾನು ದಿನಾ ಬಾಗಿ ಬಾಗಿ ಕಿತ್ತು ತರುತ್ತಿದ್ದ ಕರಕಿಯನ್ನು ಮೊಲ ಹಾಸಿಕೊಂಡು ಮಲಗುತ್ತಿತ್ತು.

೪. ತಕ್ಕಡಿ

ಶ್ರಾವಣದ ಕಡೆಯ ಸೋಮವಾರ ಹೆಡ್ ಮಾಸ್ತರರು ಸ್ಟೇಶನ್ನಿನಿಂದ ಟಾಂಗಾ ಮಾಡಿಕೊಂಡು ನೇರವಾಗಿ ನಮ್ಮ ಮನೆಗೇ ಬಂದರು. ಮೊಲವನ್ನು ಎತ್ತಲು ಹೋಗಿ ಒಮ್ಮೆ ನಿಂತು ಉಸಿರು ತೆಗೆದುಕೊಂಡರು. ಸಾಹುಕಾರರ ತಕ್ಕಡಿಗೆ ಹಾಕಿದೆವು. ನಾಲ್ಕು ಸೇರಿನ ಕಲ್ಲಿಟ್ಟರೆ ಮೊಲದ ತಟ್ಟೆ ಅಲುಗಲಿಲ್ಲ. ಐದು ಇಟ್ಟರೂ ಇಲ್ಲ. ಆರಕ್ಕೆ ಎದ್ದಿತು. ನನ್ನ ನೌಕರಿ ಮುಗಿಯಿತೆಂದುಕೊಂಡೆ.

ಹೆಡ್ ಮಾಸ್ತರರು ಬಾಯಿ ತೆರೆಯುವ ಮೊದಲೇ ಅಮ್ಮಾರು ಮುಂದೆ ಬಂದರು. "ಸಾಹೇಬ್ರ, ಮಾಸ್ತರರದೇನೂ ತಪ್ಪಿಲ್ರಿ. ತಿಂಗಳಪೂರ್ತಿ ಮೊಲಕ್ಕ ಉಪವಾಸ ಮಾಡಿಸ್ಯಾರ. ನಾವೆಲ್ಲಾ ಸಾಕ್ಷಿ ಅದೇವಿ."

ಸಾಹುಕಾರರು ಹೌದೆಂದರು. ಚಾಚಾ ಹೌದೆಂದ. ನೆರೆದ ಓಣಿಯೆಲ್ಲ ಹೌದೆಂದಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹೆಡ್ ಮಾಸ್ತರರು ಮೊಲವನ್ನು ನೋಡಿದರು, ನನ್ನನ್ನು ನೋಡಿದರು. ಅಲ್ಲೇ ಸಾಹುಕಾರರ ಗಾದಿಯ ಮೇಲೆ ಕುಳಿತು ನನ್ನ ಕಾಗದ ಬೇಡಿ ಸಹಿ ಹಾಕಿ ಕೊಟ್ಟರು.

"ಮಾಸ್ತರ, ನಮ್ಮ ಸಾಲಿ ಬೋರ್ಡಿಂಗಿನ ಹುಡುಗ್ರು ದಿನಾ ಎರಡು ಹೊತ್ತು ಉಂಡೂ ಸೊರಗ್ಯಾರ. ನೀವು ಉಪವಾಸದಾಗ ಎರಡು ಸೇರು ಏರಿಸೀರಿ. ನಾಳಿಂದ ಅಲ್ಲಿ ಅಡಗಿಮನಿ ನೀವ ನೋಡಿಕೊಳ್ರಿ."