ಷರಾ: ಬಂದಿಲ್ಲ

ಮೇಲ್ವಿಚಾರಣಾ ಕಚೇರಿಯ ಹಾಜರಿ ಪುಸ್ತಕದಲ್ಲಿ, ಒಂದು ಸೋಮವಾರ, ಷರಾ ಕಾಲಂನ ಕೆಳಗೆ 'ಬಂದಿಲ್ಲ' ಎಂಬ ಪದ ದಾಖಲಾಯಿತೆಂದು ತಿಳಿಸಲು ವಿಷಾದವಾಗುತ್ತದೆ.

ಪುಟ ಕ್ಷೌರಿಕನದು. ಬೈದ ಗಿರಾಕಿಯೊಬ್ಬನ ಅರ್ಧ ಮೀಸೆ ಬೋಳಿಸಿ, ಉಳಿದರ್ಧವನ್ನು ಹಾಗೇ ಬಿಟ್ಟು, ಕಪಾಳಕ್ಕೊಂದು ಕೊಟ್ಟ ಪ್ರಕರಣದಲ್ಲಿ ಅವನಿಗೆ ಎರಡು ವರ್ಷ ಸಜೆಯಾಗಿತ್ತು. ನ್ಯಾಯಾಲಯ ದಯೆ ತೋರಿ ಮನೆಯಲ್ಲೇ ಇರಲು ಬಿಟ್ಟಿತ್ತು. ಷರತ್ತು ಒಂದೇ: ಪ್ರತಿ ಸೋಮವಾರ ಹತ್ತು ಗಂಟೆಗೆ ಮೇಲ್ವಿಚಾರಕ ಸಾಹೇಬರ ಎದುರು ನಿಲ್ಲಬೇಕು. ತಪ್ಪಿದರೆ ಸವಲತ್ತು ರದ್ದು, ಸೆರೆಮನೆ. ಹೆಂಡತಿಗೆ ಏಳು ತಿಂಗಳು. ಹೆರಿಗೆಯ ಹೊತ್ತಿಗೆ ಮನೆಯಲ್ಲಿರಬೇಕೆಂದು ಅವನು ಪ್ರತಿವಾರ ಒಂಬತ್ತೂವರೆಗೇ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದ.

ಆ ಸೋಮವಾರವೂ ಕೂತಿದ್ದ. ಸಾಹೇಬರು ಇರಲಿಲ್ಲ. ಅವರು ಕೂದಲು ಕತ್ತರಿಸಿಕೊಳ್ಳಲು ಕ್ಷೌರಿಕನ ಅಂಗಡಿಗೆ ಹೋಗಿದ್ದರು. ಅಲ್ಲಿ ಕ್ಷೌರಿಕ ಇರಲಿಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ಒಬ್ಬರಿಗೊಬ್ಬರು ಕಾದು ಎದ್ದು ಹೊರಟರು. ಕಚೇರಿ ವೇಳೆಯಲ್ಲಿ ಕ್ಷೌರ ನಿಷಿದ್ಧವಾದ್ದರಿಂದ ಸಾಹೇಬರು ಹಿಂದಿರುಗಿ, 'ಸ್ಥಳ ತನಿಖೆ ಮಾಡಲಾಗಿ ಸದರಿ ವ್ಯಕ್ತಿ ಅಂಗಡಿಯಲ್ಲಿಲ್ಲ' ಎಂದು ವರದಿ ಬರೆದರು. ಕಚೇರಿಗೆ ಬಂದಿಲ್ಲ, ಅಂಗಡಿಯಲ್ಲೂ ಇಲ್ಲ, ಆದಕಾರಣ ತಲೆಮರೆಸಿಕೊಂಡಿದ್ದಾನೆ. ಸವಲತ್ತು ರದ್ದಾಯಿತು. ಮುಂದಿನ ಸೋಮವಾರ ಒಂಬತ್ತೂವರೆಗೆ, ಅದೇ ಬೆಂಚಿನ ಮೇಲೆ, ತಲೆಮರೆಸಿಕೊಂಡವನನ್ನು ಪೊಲೀಸರು ಪತ್ತೆಹಚ್ಚಿದರು.

ಹೆಂಡತಿ ಸಾಹೇಬರ ಬಳಿ ಹೋದಳು.

"ಸಾಹೇಬ್ರೇ, ಅವತ್ತು ನೀವು ನಮ್ಮ ಅಂಗಡಿ ಕುರ್ಚಿಲೇ ಕೂತಿದ್ರಲ್ಲ. ನಾನೇ ಕೂರಿಸಿದ್ದು."

"ಅದು ತನಿಖೆ ಕಣಮ್ಮ."

"ಕುತ್ತಿಗೆಗೆ ಬಟ್ಟೆ ಸುತ್ತಿಸ್ಕೊಂಡು?"

"ಗುಪ್ತ ತನಿಖೆ."

ಮೇಲ್ಮನವಿ ಸಲ್ಲಿಸಲಾಯಿತು. ವಕೀಲರು ಷರಾ ಬರೆದ ಕಚೇರಿ ಗುಮಾಸ್ತನನ್ನು ಕಟಕಟೆಗೆ ಕರೆದರು.

"ಯಾರು ಬಂದಿಲ್ಲ ಅಂತ ಬರೆದ್ರಿ?"

"ಸಾಹೇಬ್ರು ಬಂದಿಲ್ಲ ಅಂತ."

"ಹಾಗಂತಲೇ ಬರೀಬೇಕಿತ್ತು ತಾನೆ?"

"ಬರೆದು ಕೆಲಸ ಕಳ್ಕೊಳ್ಲಾ ಸ್ವಾಮಿ? ಅದಕ್ಕೇ 'ಸಾಹೇಬ್ರು' ಬಿಟ್ಟೆ."

ಬಿಟ್ಟ ಪದ ದಾಖಲೆಯಲ್ಲಿಲ್ಲವಾದ್ದರಿಂದ ಅದನ್ನು ಪರಿಗಣಿಸಲಾಗದೆಂದು ನ್ಯಾಯಾಧೀಶರು ತಿಳಿಸಿದರು. ವಕೀಲರು ಧೃತಿಗೆಡಲಿಲ್ಲ. "ಸ್ವಾಮಿ, ಬಿಡಿಸಿ ಓದಿದರೆ ಅದು 'ಬಂದಿ ಇಲ್ಲ'. ಬಂದಿಯೇ ಇಲ್ಲವೆಂದು ಕಚೇರಿಯೇ ಬರೆದ ಮೇಲೆ ಸೆರೆಯಲ್ಲಿಡುವುದು ಯಾರನ್ನು?"

ನ್ಯಾಯಾಧೀಶರು ಹಾಜರಿ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದರು. "ಹಾಗಿದ್ದರೆ 'ಬಂದಿಯಿಲ್ಲ' ಎಂದಾಗಬೇಕಿತ್ತಲ್ಲ. ಯಕಾರ ಎಲ್ಲಿ?"

ಯಕಾರದ ಬಗ್ಗೆ ಭಾಷಾ ಇಲಾಖೆಯ ಅಭಿಪ್ರಾಯ ಕೋರಲಾಯಿತು. ಇಲಾಖೆ ಒಂಬತ್ತು ತಿಂಗಳು ತೆಗೆದುಕೊಂಡಿತು. ಅಷ್ಟರಲ್ಲಿ ಹೆರಿಗೆಯಾಗಿ, ಮಗುವಿಗೆ ಎರಡು ಹಲ್ಲು ಬಂದವು. ಯಕಾರ ಕೈತಪ್ಪಿನಿಂದ ಬಿಟ್ಟುಹೋಗಿರಬಹುದೆಂದು ಉತ್ತರ ಬಂತು. ಮೇಲ್ಮನವಿ ಪುರಸ್ಕೃತವಾಯಿತು. ಬಿಡುಗಡೆಯ ಆದೇಶವನ್ನು ಅರ್ಜಿದಾರನೇ ಖುದ್ದಾಗಿ ಸಹಿ ಹಾಕಿ, ಮನೆಯ ವಿಳಾಸದಲ್ಲಿ, ಏಳು ದಿನದೊಳಗೆ ಪಡೆಯತಕ್ಕದ್ದು.

ಅಂಚೆಯವನು ಬಂದ.

"ಕೊಡಣ್ಣ, ನಾನು ಅವರ ಹೆಂಡ್ತಿ."

"ಅವರೇ ಬರ್ಬೇಕಮ್ಮ. ಎಲ್ಲಿದಾರೆ?"

"ಜೈಲಲ್ಲಿ."

"ಬಂದ್ಮೇಲೆ ಹೇಳಿ." ಲಕೋಟೆಯ ಮೇಲೆ 'ವಿಳಾಸದಾರರು ಇಲ್ಲ' ಎಂದು ಬರೆದು ಹೊರಟ.

ಏಳು ದಿನ ಕಳೆದವು. ಕಚೇರಿಯಲ್ಲಿಲ್ಲ, ಅಂಗಡಿಯಲ್ಲಿಲ್ಲ, ಮನೆಯಲ್ಲೂ ಇಲ್ಲ ಎಂಬುದು ಮೂರು ದಾಖಲೆಗಳಿಂದ ಸಾಬೀತಾದ ಕಾರಣ ಆದೇಶ ತಾನಾಗಿ ರದ್ದಾಯಿತು. ವಕೀಲರೂ ಇದು ಕ್ರಮಬದ್ಧವೆಂದು ಒಪ್ಪಿದರು.

ಕ್ಷೌರಿಕನಿಗೆ ಸೆರೆಮನೆಯಲ್ಲಿ ಕ್ಷೌರದ ಕೆಲಸ ಕೊಟ್ಟಿದ್ದಾರೆ. ಸೋಮವಾರದ ಭೇಟಿ ಅಲ್ಲೂ ಜಾರಿಯಲ್ಲಿದೆ. ಸಾಹೇಬರು ಹತ್ತಕ್ಕೆ ಸರಿಯಾಗಿ ಹೋಗಿ, ಅವನ ಮುಂದೆ ಕೂತು, ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಳ್ಳುತ್ತಾರೆ. ಗುಮಾಸ್ತ ಷರಾ ಕಾಲಂನಲ್ಲಿ 'ಬಂದಿದ್ದಾನೆ' ಎಂದು ಬರೆಯುತ್ತಾನೆ. ಇದನ್ನು ಬಿಡಿಸಿ ಓದಿದರೂ ಕೂಡಿಸಿ ಓದಿದರೂ ಸರಿಯೇ, ಯಕಾರ ಬೇಕಿಲ್ಲವೆಂದು ಭಾಷಾ ಇಲಾಖೆ ದೃಢಪಡಿಸಿದೆ.