ಬೂಚು ಕಿತ್ತ ದೋಣಿ

“ಹಾಲಿನ ಪಾತ್ರೇಲಿ ಸೀಮೆಎಣ್ಣೆ ಸುರಿದು ಕಾರ್ಬ್ಯುರೇಟರ್ ನೆನೆಸಿದ್ದೀರಲ್ಲ, ತಲೆ ನೆಟ್ಟಗಿದೆಯೇನ್ರಿ ನಿಮಗೆ?”

“ಅದನ್ನ ಮುಟ್ಟಿದ್ರೆ ಸರಿ ಇರಲ್ಲ ನೋಡು!”

“ಮುಟ್ಟಲ್ಲ. ಅದನ್ನೇ ಕಟ್ಕೊಂಡು ಬಾಳಿ!”

ಆಗ ಗಂಡ ಮಿಂಚುಳ್ಳಿ ಅತ್ತೆಯ ಬಗ್ಗೆ ಒಂದು ಮಾತು ಆಡಿಬಿಟ್ಟ. ಹೆಂಡತಿ ನೀಲಿ ಕೊಡೆ ಎತ್ತಿಕೊಂಡು ದಡದಡನೆ ಹೊರಟಳು.

ಮಿಂಚುಳ್ಳಿ ಎಂಬ ಹೆಸರು ಅವನಿಗೆ ಇಪ್ಪತ್ತರ ಹರೆಯದಲ್ಲಿ ಬಿದ್ದದ್ದು. ಅವನೂ ಕ್ಷೌರದಂಗಡಿಯ ಗೆಳೆಯನೂ ವೇಗ ಹೆಚ್ಚಲೆಂದು ದೋಣಿ ಎಂಜಿನ್ನಿನ ಹೆಡ್ಡು ಉಜ್ಜಿ, ಹೊಗೆಕೊಳವೆ ಕತ್ತರಿಸಿ, ಹೊಳೆ ನೀರಿನ ಮೇಲೆ ಹಾರಿಸುತ್ತಿದ್ದರೆ ದಡದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಹೆಂಡತಿಯೂ ಹಾಗೆ ನೋಡಿ ಮೋಸಹೋದವಳೇ. ಈಗ ಅವನು ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಹಳೇ ಎಂಜಿನ್ ಮಾತ್ರ ಬಿಟ್ಟಿಲ್ಲ.

ಪಕ್ಕದ ಮನೆಯ ದರ್ಜಿ ಓಡಿ ಬಂದ. “ನಿಮ್ಮನೆಯವರು ಲಾಂಚ್ ಕಟ್ಟೆಗೆ ಹೋದ್ರಪ್ಪ! ಲಾಂಚೂ ಹೊರಟಾಯ್ತು!”

ಮಿಂಚುಳ್ಳಿ ಕಾರ್ಬ್ಯುರೇಟರ್ ಎತ್ತಿಕೊಂಡು ದೋಣಿಯತ್ತ ಓಡಿದ. ಆಚೆ ದಡದಲ್ಲಿ ತವರು. ‘ಇನ್ನೊಂದ್ಸಲ ನನ್ನ ಮಗಳು ಅತ್ಕೊಂಡು ಬಂದ್ರೆ ವಾಪಸ್ ಕಳಿಸಲ್ಲ’ ಎಂದು ಅತ್ತೆ ಹೋದ ಸಲವೇ ಹೇಳಿದ್ದಳು. ಲಾಂಚ್ ದಡ ಮುಟ್ಟುವ ಮೊದಲು ಹಿಡಿಯಬೇಕು.

ಕಾರ್ಬ್ಯುರೇಟರ್ ಎಂಜಿನ್ನಿಗೆ ಜೋಡಿಸಿದ. ದೋಣಿ ಹಗುರಾಗಲೆಂದು ದರ್ಜಿ ಅದರ ಹಲಗೆ, ಹುಟ್ಟು ಎಲ್ಲ ಎತ್ತಿ ದಡಕ್ಕೆ ಎಸೆದ. ಸುದ್ದಿ ಕೇಳಿ ಓಡಿ ಬಂದ ಕ್ಷೌರಿಕ ಗೆಳೆಯ, ತಳದ ತೂತಿಗೆ ಜಡಿದಿದ್ದ ಬೂಚನ್ನೇ ಕಿತ್ತ.

“ನಮ್ಮ ಹಳೇ ವಿದ್ಯೆ ಕಣೋ! ವೇಗ ಹಿಡಿದ್ರೆ ಒಳಗಿನ ನೀರೆಲ್ಲ ತಾನೇ ಹೊರಗೆ ಹೋಗುತ್ತೆ. ದೋಣಿ ಹತ್ತಿ ಹಂಗಿರುತ್ತೆ!”

ಆ ಕಾಲದಲ್ಲಿ ಹಾಗೇ ಓಡಿಸಿ ನೇರ ದಡದ ಮರಳಿಗೆ ನುಗ್ಗಿಸುತ್ತಿದ್ದರು. ನಡುನೀರಲ್ಲಿ ನಿಲ್ಲಿಸಿದವರು ಯಾರು?

ಎಂಜಿನ್ ಕಿರುಚಿತು. ದೋಣಿ ಬಾಲ ತುಳಿಸಿಕೊಂಡ ಬೆಕ್ಕಿನಂತೆ ನೆಗೆಯಿತು. ಲಾಂಚ್ ಹತ್ತಿರವಾಯಿತು, ಕಂಬಿಯ ಬಳಿ ನೀಲಿ ಕೊಡೆ ಕಂಡಿತು. ವೇಗ ತಗ್ಗಿಸಿದ. ತಳದ ತೂತಿನಿಂದ ನೀರು ಬುಗ್ಗೆಯಂತೆ ಎದ್ದು ಮೊಣಕಾಲಿಗೆ ಬಂತು. ಹೌಹಾರಿ ಮತ್ತೆ ಓಡಿಸಿದ. ನಿಂತರೆ ಮುಳುಗಡೆ, ಓಡಿದರೆ ಹೆಂಡತಿ ಮಾತಿಗೆ ಸಿಗಳು. ಲಾಂಚಿನ ಸುತ್ತ ಗಾಣದೆತ್ತಿನಂತೆ ಸುತ್ತುತ್ತ ಅರಚತೊಡಗಿದ.

“ತಪ್ಪಾಯ್ತು ಕಣೇ!”

ಮತ್ತೊಂದು ಸುತ್ತು.

“ನಿಮ್ಮಮ್ಮನ ಬಾಯಿ ಸೈಲೆನ್ಸರ್ ಇಲ್ಲದ ಎಂಜಿನ್ ಅಂದಿದ್ದು ತಪ್ಪಾಯ್ತು!”

ಲಾಂಚಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಡೆ ಮೆಲ್ಲಗೆ ತಿರುಗಿತು. ಅದರ ಕೆಳಗಿದ್ದವಳು ಅತ್ತೆ.

ಮಿಂಚುಳ್ಳಿಯ ಕೈ ಎಂಜಿನ್ ಹಿಡಿಯಿಂದ ಜಾರಿತು, ವೇಗ ಇಳಿಯಿತು. ದೋಣಿ ಎಂಜಿನ್ ಸಮೇತ ತಳ ಸೇರಿತು. ಜನ ಅವನನ್ನು ಒದ್ದೆ ಗೋಣಿಯಂತೆ ಮೇಲೆಳೆದರು.

“ಲಾಂಚ್ ತಿರುಗಿಸಪ್ಪಾ,” ಎಂದಳು ಅತ್ತೆ. “ಅಳಿಯಂದಿರನ್ನ ಮನೆ ಮುಟ್ಟಿಸ್ಬೇಕು.”

ಮನೆಯಲ್ಲಿ ಹೆಂಡತಿ ಪಾತ್ರೆ ತಿಕ್ಕಿ ಹಾಲು ಕಾಯಿಸುತ್ತಿದ್ದಳು. ಸಂತೆಗೆ ಬಂದಿದ್ದ ಅಮ್ಮನಿಗೆ ಬಿಸಿಲೆಂದು ಲಾಂಚ್ ಕಟ್ಟೆಯಲ್ಲೇ ಕೊಡೆ ಕೊಟ್ಟು, ಕೋಪ ಇಳಿಸಿಕೊಂಡು, ಯಾವಾಗಲೋ ಮನೆಗೆ ಮರಳಿದ್ದಳು. ಅತ್ತೆ ಎಲ್ಲವನ್ನೂ ಹೇಳಿದಳು.

ಹೆಂಡತಿ ಒಲೆ ಆರಿಸಿದಳು. “ನಾನು ಅಮ್ಮನ ಹತ್ರ ತುಟಿ ಬಿಚ್ಚಿರಲಿಲ್ಲ ರೀ. ಇಡೀ ಲಾಂಚಿಗೆ ನೀವೇ ಸಾರಿದ್ರಲ್ಲ!”

ಬಟ್ಟೆ ಚೀಲ ಎತ್ತಿಕೊಂಡು ಅಮ್ಮನಿಗಿಂತ ಮುಂದೆ ನಡೆದಳು. ಲಾಂಚು ಎರಡು ಸಲ ಕೂಗಿ ಹೊರಟುಹೋಯಿತು. ಮಿಂಚುಳ್ಳಿ ಬಾಗಿಲಲ್ಲೇ ನಿಂತಿದ್ದ. ಅವಳು ಬರಲಿಲ್ಲ.